ಮೂರನೆಯ ಕೂದಲು

ಮಗಳು ಬಚ್ಚಲಿನ ನಲ್ಲಿಯ ಕೆಳಗೆ ಬಲಗೈ ಹಿಡಿದು ನಡುಬೆರಳನ್ನು ಗಸಗಸ ಉಜ್ಜುತ್ತಿದ್ದಳು. ಸೋಪಾಯಿತು, ಸೀಮೆಎಣ್ಣೆಯಾಯಿತು, ಮಸಿ ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ನಿನ್ನೆ ಸಂಜೆ ಬರೆದ ವ್ಯಂಗ್ಯಚಿತ್ರದ ಮಸಿ ಅದು. ಚಿತ್ರ ಇವತ್ತಿನ ಪತ್ರಿಕೆಯ ಮುಖಪುಟದ ಮೂಲೆಯಲ್ಲಿ, ಎಂದಿನ ಚೌಕದಲ್ಲಿ, ಅಪ್ಪನ ಸಹಿ ಹೊತ್ತು ಬಂದಿತ್ತು. ಪತ್ರಿಕೆ ಬಾಗಿಲಿಗೆ ಬೀಳುವ ಹೊತ್ತಿಗೆ ಅಪ್ಪ ಹೋಗಿಬಿಟ್ಟಿದ್ದ.

"ಎಷ್ಟೊತ್ತೇ ಒಳಗೆ?" ಅಪ್ಪನ ತಂಗಿ, ಅವಳ ಸೋದರತ್ತೆ, ಬಾಗಿಲು ಬಡಿದಳು. "ಸಂಪಾದಕರು ಬಂದಿದಾರೆ. ನಿನ್ನನ್ನೇ ಕೇಳ್ತಿದಾರೆ."

ಹಜಾರದಲ್ಲಿ ಅಪ್ಪ ಬಿಳಿ ಹೊದಿಕೆಯಡಿ ಮಲಗಿದ್ದ. ತಲೆಯ ಬಳಿ ಅಮ್ಮ ಕುಳಿತಿದ್ದಳು. ಅತ್ತೆ ಅಣ್ಣನ ಕೈಯನ್ನು ಬಂದವರಿಗೆಲ್ಲ ತೋರಿಸತೊಡಗಿದಳು. "ನಲವತ್ತು ವರ್ಷ ಮಸೀಲೇ ಆಡಿದ ಕೈ ಇದು. ಒಂದು ಚುಕ್ಕೆ ಕಾಣ್ಸುತ್ತಾ ನೋಡಿ! ಅಷ್ಟು ಶಿಸ್ತು ನಮ್ಮಣ್ಣಂದು."

ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾಳೆ ಚೌಕ ಖಾಲಿ ಬಿಡ್ತೀವಮ್ಮ," ಎಂದರು ಸಂಪಾದಕರು. ಕಣ್ಣು ನಿಜವಾಗಿಯೂ ಕೆಂಪಾಗಿತ್ತು. "ಸುತ್ತ ಒಂದು ಕಪ್ಪು ಗೆರೆ, ಅಷ್ಟೇ. ಇನ್ನು ಆ ಜಾಗಕ್ಕೆ ಯಾರನ್ನೂ ತರೋದಿಲ್ಲ. ಎಪ್ಪತ್ತಾರು ವಯಸ್ಸಿಗೂ ಗೆರೆ ಒಂಚೂರು ನಡುಗಲಿಲ್ಲ ನೋಡಿ, ಆ ಕೈ ಇನ್ನೊಬ್ಬರಿಗೆ ಬರುತ್ತಾ?"

ಬಂದಿತ್ತು, ಆರು ವರ್ಷದಿಂದ ಅವಳಿಗೇ ಬಂದಿತ್ತು. ಬಾಯಿ ಬಿಟ್ಟರೆ ಮಣ್ಣಾಗುವ ದಿನವೇ ಅಪ್ಪ ಮೋಸಗಾರ ಎನಿಸಿಕೊಳ್ಳುತ್ತಾನೆ. ಬಿಡದಿದ್ದರೆ ಅವಳ ಅಷ್ಟೂ ಕೆಲಸ ಇವತ್ತು ಅವನ ಜೊತೆಗೇ ಹೊರಡುತ್ತದೆ. ದುಃಖದ ನಡುವೆ ಅವಳಿಗೆ ಹೊಟ್ಟೆ ಉರಿಯಿತು. ಉರಿದದ್ದಕ್ಕೆ ನಾಚಿಕೆಯೂ ಆಯಿತು.

*

ಕೈ ನಡುಗಲು ಶುರುವಾದ ದಿನ ಅಪ್ಪ ಒಬ್ಬ ಮಂತ್ರಿಯ ಮೂಗು ಬರೆಯುತ್ತಿದ್ದ. ಗೆರೆ ತಪ್ಪಿಸಿಕೊಂಡು ಸರ್ರನೆ ಹೋಗಿ ಪಕ್ಕದ ಕುರ್ಚಿಗೆ ಮುಟ್ಟಿತು. ಅವನು ಅದನ್ನು ದೂರ ಹಿಡಿದು ನೋಡಿದ. "ಸುಳ್ಳೇನಲ್ಲ ಬಿಡು, ಆಸಾಮಿ ಮೂಗು ಇರೋದೇ ಅಲ್ಲಿ," ಎಂದು ನಕ್ಕ. ಮರುದಿನ ಮೂರು ಹಾಳೆ ಹರಿದ ಮೇಲೆ ನಗಲಿಲ್ಲ.

ಮಗಳು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಆ ಸಂಜೆ ಲೇಖನಿ ಅವಳ ಕೈಗೆ ಬಂತು.

"ಮೊದಲು ಒಂದೇ ಸಾಲಲ್ಲಿ ಹೇಳು," ಎನ್ನುತ್ತಿದ್ದ ಅಪ್ಪ. "ಹೇಳಕ್ಕೆ ಬರದಿದ್ದು ಬರೆಯಕ್ಕೂ ಬರಲ್ಲ." ಮೊದಲ ವರ್ಷ ಸಾಲು ಅವನದು, ಗೆರೆ ಅವಳದು. ಆಮೇಲೆ ಜಗಳವಾಡಿ ಸಾಲನ್ನೂ ಅವಳೇ ಕಸಿದುಕೊಂಡಳು. ಅವನಿಗೆ ಉಳಿದದ್ದು ಗೊಣಗುವ ಕೆಲಸ. ಅದನ್ನು ಮನಸಾರೆ ಮಾಡಿದ.

"ನಿನ್ನ ಹೆಸರೇ ಹಾಕೇ," ಎಂದು ತಿಂಗಳಿಗೊಮ್ಮೆಯಾದರೂ ರೇಗುತ್ತಿದ್ದ.

"ಹಾಕಿದ್ರೆ ಅವ್ರು ತಗೊಳ್ಳಲ್ಲಪ್ಪ. ನಿನ್ನ ಹೆಸರಿಗೇ ಅದು ಮುಖಪುಟ."

"ಪುಕ್ಕಲಿ! ನಾನು ಮಂತ್ರಿಗಳಿಗೇ ಹೆದರ್ಲಿಲ್ಲ, ನೀನು ಸಂಪಾದಕನಿಗೆ ಹೆದರ್ತೀಯಲ್ಲೇ."

*

ಮಧ್ಯಾಹ್ನ ಎರಡಕ್ಕೆ ಮಾಜಿ ಮಂತ್ರಿ ಬಂದರು. ಹಜಾರದ ಗುಸುಗುಸು ಥಟ್ಟನೆ ನಿಂತಿತು. ಎಲ್ಲರ ಕಣ್ಣೂ ಅವರ ಕಿವಿಯ ಮೇಲೆ.

ಇಪ್ಪತ್ತು ವರ್ಷದ ಹಿಂದೆ ಅವರು ನೀರು ಸರಬರಾಜು ಮಂತ್ರಿಯಾಗಿದ್ದಾಗ ಬೇಸಿಗೆಯಿಡೀ ನಲ್ಲಿಗಳು ಒಣಗಿದ್ದವು. 'ಒಂದು ದೂರೂ ನನ್ನ ಕಿವಿಗೆ ಬಿದ್ದಿಲ್ಲ' ಎಂದುಬಿಟ್ಟರು. ಮರುದಿನದ ಚೌಕದಲ್ಲಿ ಅವರಿಗೆ ಮೊರದಗಲ ಕಿವಿ ಬಂತು. ಅಂದಿನಿಂದ ಆ ಕಿವಿ ಇಳಿದಿರಲಿಲ್ಲ. ಆದರೆ ಎದುರಿಗೆ ನಿಂತ ಮನುಷ್ಯನ ಕಿವಿ ಎಲ್ಲರ ಕಿವಿಯಂತೆ, ಇನ್ನೂ ಸ್ವಲ್ಪ ಚಿಕ್ಕದೇ ಇತ್ತು.

"ಅಯ್ಯೋ, ಇಷ್ಟೇನಾ!" ಅತ್ತೆಯ ಬಾಯಿಂದ ಜಾರಿತು.

"ನೋಡಿದವರೆಲ್ಲ ಹೀಗೇ ನಿರಾಶೆ ಪಡ್ತಾರಮ್ಮ," ಎಂದರು ಅವರು. ಮಗಳ ಬೆರಳಿನ ಮಸಿ ಕಂಡು ಅವಳನ್ನು ಜಗಲಿಗೆ ಕರೆದರು. ದನಿ ತಗ್ಗಿಸಿ ಕೇಳಿದರು, "ನೀವೇ ತಾನೆ?"

"ಏನು?"

"ನಿಮ್ಮ ತಂದೆ ನನ್ನ ಕಿವೀಲಿ ಎರಡು ಕೂದಲು ಬರೀತಿದ್ರು. ಹದಿನಾಲ್ಕು ವರ್ಷ ಎರಡೇ. ಆಮೇಲೆ ಒಂದು ದಿನ ಮೂರಾಯ್ತು. ಇವತ್ತಿನವರೆಗೂ ಮೂರೇ."

ಅವಳು ಮಸಿಯ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಮೊದಲ ಸಲ ಆ ಕಿವಿ ಬರೆದಾಗ ಹಳೆಯ ಪತ್ರಿಕೆಯ ತುಣುಕು ನೋಡಿ ನಕಲು ಮಾಡಿದ್ದಳು. ಅದರಲ್ಲಿ ಅಚ್ಚಿನ ಮಸಿಯ ಒಂದು ಎಳೆ ಕಿವಿಯ ಮೇಲೆ ಬಿದ್ದಿತ್ತು. ಅದನ್ನೂ ಕೂದಲೆಂದುಕೊಂಡಳು. ಅಪ್ಪನೂ ಗಮನಿಸಿರಲಿಲ್ಲ.

"ಯಾರಿಗಾದ್ರೂ ಹೇಳಿದ್ರಾ?"

"ದಿನಾ ಬೆಳಿಗ್ಗೆ ನನ್ನ ಕಿವಿ ಕೂದಲು ಎಣಿಸ್ತೀನಿ ಅಂತ ಯಾರ ಹತ್ರ ಹೇಳ್ಕೊಳ್ಳಲಿ?" ಅವರು ಕನ್ನಡಕ ಒರೆಸಿಕೊಂಡರು. "ನಾಳೆ ಖಾಲಿಯಂತೆ?"

"ಹೌದು."

"ಎರಡು ಚುನಾವಣೆ ಸೋತಿದೀನಿ. ಜನ ನನ್ನನ್ನ ಗುರುತಿಟ್ಟುಕೊಂಡಿರೋದೇ ಆ ಕಿವಿಯಿಂದ. ನೀವೂ ಕೈ ಬಿಟ್ರೆ ನನ್ನ ಕಥೆ ಮುಗೀತು." ತಮಾಷೆಗೆ ಹೇಳಿದಂತಿತ್ತು, ಪೂರ್ತಿ ತಮಾಷೆಯಾಗಿರಲಿಲ್ಲ.

ಅವರು ಒಳಗೆ ಹೋದರು. ಅಪ್ಪನ ಬಳಿ ಬಗ್ಗಿ, ಕತ್ತು ಒಂದು ಕಡೆ ವಾಲಿಸಿ, ತುಸು ಹೊತ್ತು ಹಾಗೇ ನಿಂತರು. ಬಾಗಿಲಲ್ಲಿದ್ದ ಮಗಳಿಗೆ ಸಾಲು ತಾನಾಗಿ ಬಂತು. ಬದುಕಿರುವಾಗ ಕೇಳಿಸದ್ದನ್ನು ಈ ಕಿವಿ ಈಗ ಕೇಳಲು ಹೊರಟಿದೆ. ಅವಳು ತಡೆಯಲಾರದೆ ಅಪ್ಪನ ಕೋಣೆಗೆ ನಡೆದು ಮೇಜಿನ ದೀಪ ಹಾಕಿದಳು.

ಮೂರಕ್ಕೆ ಶವದ ವಾಹನ ಬರುವುದಿತ್ತು. ಅರ್ಧ ಗಂಟೆ ಸಾಕಾಯಿತು. ಚಿತ್ರದಲ್ಲಿ ಅಪ್ಪ ಮುಖದ ಮೇಲೆ ಪತ್ರಿಕೆ ಹೊದ್ದು ಮಲಗಿದ್ದಾನೆ. ಮಾಜಿ ಮಂತ್ರಿ ಮೊರದಗಲ ಕಿವಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಾಗಿದ್ದಾರೆ. ಕೆಳಗೆ ಒಂದು ಮಾತು: 'ಈಗ ಹೇಳಿ, ಕೇಳ್ತಿದೀನಿ.' ಸಹಿಯ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ಅಪ್ಪನ ಹೆಸರಿನ ಮೊದಲ ಅಕ್ಷರದ ತಿರುವು ಬೆರಳಿಗೆ ಬಂದಾಗಿತ್ತು. ಅವಳು ಕೈ ಕೊಡವಿ, ತನ್ನ ಹೆಸರು ಬರೆದಳು. ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಬಂತು.

ಸಂಪಾದಕರ ಕಣ್ಣು ಮೊದಲು ಸಹಿಯ ಮೇಲೆ ಬಿತ್ತು. "ಇದು?"

"ಆರು ವರ್ಷದಿಂದ ನಾನೇ ಸಾರ್. ಖಾಲಿ ಬಿಡಬೇಡಿ."

ಅವರ ಮುಖ ಸಪ್ಪೆಯಾಯಿತು. "ಗೊತ್ತಾದ್ರೆ ಜನ ನಿಮ್ಮ ತಂದೇನ ಮೋಸಗಾರ ಅನ್ನಲ್ವಾ?"

"ಅಂದ್ರೆ ಅದನ್ನೂ ಬರೀತೀನಿ."

ಏನೋ ಹೇಳಲು ಬಾಯಿ ತೆರೆದ ಸಂಪಾದಕರು ಆಗ ಚಿತ್ರವನ್ನು ನೋಡಿದರು. ನಗು ಗೊಳ್ಳನೆ ಹೊರಬಿತ್ತು. ಬಾಯಿ ಮುಚ್ಚಿಕೊಂಡರು, ಪ್ರಯೋಜನವಾಗಲಿಲ್ಲ. ಅತ್ತೆ ಗದರಲು ಬಂದವಳು ಹಾಳೆ ನೋಡಿ, ಅಳುತ್ತಿದ್ದ ಮೂತಿಯಲ್ಲೇ ನಕ್ಕಳು. ಮಾಜಿ ಮಂತ್ರಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ತೃಪ್ತಿಯಿಂದ ತಲೆಯಾಡಿಸಿದರು. ಹಾಳೆ ಕೈಯಿಂದ ಕೈಗೆ ಅಮ್ಮನವರೆಗೆ ಹೋಯಿತು. ಹೊರಗೆ ವಾಹನದ ಹಾರ್ನ್ ಕೇಳಿಸಿತು.

"ಕೊಡಿ ಅಕ್ಕಾ, ಅಚ್ಚಿಗೆ ಹೊತ್ತಾಗುತ್ತೆ," ಎಂದು ಸಂಪಾದಕರು ಕೈ ಚಾಚಿದರು.

"ಇರಿ," ಎಂದಳು ಅಮ್ಮ. "ಅವ್ರು ನೋಡದೆ ಇದುವರೆಗೂ ಒಂದು ಚಿತ್ರಾನೂ ಈ ಮನೆ ದಾಟಿಲ್ಲ."

ಮಸಿ ಇನ್ನೂ ಹಸಿಯಾಗಿತ್ತು. ಅಂಚುಗಳನ್ನಷ್ಟೇ ಹಿಡಿದು ಅಮ್ಮ ಹಾಳೆಯನ್ನು ಅಪ್ಪನ ಮುಖದತ್ತ ತಿರುಗಿಸಿದಳು. ಸಂಪಾದಕರು ಚಾಚಿದ ಕೈ ಹಿಂದಕ್ಕೆ ತೆಗೆಯದೆ, ಅಪ್ಪ ನೋಡಿ ಮುಗಿಸಲೆಂದು ಕಾದರು.