ಕೊಟ್ಟಿಗೆಯ ರೈಲುಹಲಗೆ

ರವಿ ಹಲಗೆಯ ಕೆಳಗೆ ತೂರಿಕೊಂಡು ಮೊದಲನೇ ಕಾಲಿನ ನಟ್ಟಿಗೆ ಸ್ಪ್ಯಾನರ್ ಹಾಕಿಯೇಬಿಟ್ಟಿದ್ದ. ಹೆಣ ಮೀಯಿಸಲು ಆಳುದ್ದದ ಹಲಗೆ ಬೇಕಿತ್ತು. ಇಡೀ ಮನೆಯಲ್ಲಿ ಅಂಥದ್ದು ಇದ್ದದ್ದು ಈ ಹಳೇ ಕೊಟ್ಟಿಗೆಯಲ್ಲಿ ಮಾತ್ರ. ಬೆಳಗಿನಿಂದ ಗಂಡನ ತಲೆದೆಸೆ ಬಿಟ್ಟು ಏಳದಿದ್ದ ಸಣ್ಣತಾಯಮ್ಮ ಸ್ಪ್ಯಾನರಿನ ಸದ್ದಿಗೆ ಎದ್ದು ಬಂದು ಬಾಗಿಲಲ್ಲಿ ನಿಂತಳು.

“ಕೈ ತಗಿಲಾ ರವಿ.”

“ಒಂದೇ ಒಂದು ಅಲಗೆ ದೊಡ್ಡವ್ವ. ಆಮೇಲೆ ನಾನೇ ಜೋಡಿಸ್ಕೊಡ್ತೀನಿ.”

“ನೀ ಜೋಡ್ಸೀಯ! ನಿಮ್ಮ ದೊಡ್ಡಪ್ಪಂಗೇ ನಾಲ್ಕು ವರ್ಸ ಇಡೀತು. ನೀನು ತಿಥಿ ಒಳಗೆ ಜೋಡಿಸ್ಬುಡ್ತೀಯ?”

ರವಿ ತೀರಿಕೊಂಡ ಚಿಕ್ಕಸ್ವಾಮಿಯ ತಮ್ಮನ ಮಗ. ನಂಜನಗೂಡಿನ ಫ್ಯಾಕ್ಟರಿಯಲ್ಲಿ ಫಿಟ್ಟರ್. ಎರಡು ಮಕ್ಕಳ ತಂದೆಯಾದರೂ ದೊಡ್ಡಮ್ಮನ ಗದರಿಕೆಗೆ ಹೆದರುವವನು. ಸ್ಪ್ಯಾನರ್ ಹಿಡಿದುಕೊಂಡೇ ತೆವಳುತ್ತ ಈಚೆಗೆ ಬಂದ.

ಅವನ ಹಿಂದೆಯೇ ಗೋವಿಂದಮ್ಮನ ದನಿ ಕೇಳಿತು. ಸತ್ತವನ ಅಕ್ಕ, ಕಳಲೆಯಿಂದ ಮೊದಲ ಬಸ್ಸಿಗೇ ಬಂದು, ಅತ್ತು ಮುಗಿಸಿ, ಈಗ ಸಾವಿನ ಮನೆಯ ಯಜಮಾನಿಕೆ ಕೈಗೆ ತೆಗೆದುಕೊಂಡಿದ್ದಳು.

“ಏನ್ ತಾಯಮ್ಮ ಇದು? ನೀರು ಕಾದದೆ, ಜನ ಕಾಯ್ತಾವ್ರೆ. ಒಂದು ಮರದ ತುಂಡಿಗೆ ಇಷ್ಟು ರಂಪ ಮಾಡ್ತಿಯಲ್ಲ.”

“ನಾನಿನ್ನೂ ಅದ ನೋಡೇ ಇಲ್ಲ ಅತ್ಗೆ,” ಎಂದಳು ಸಣ್ಣತಾಯಮ್ಮ.

ಗೋವಿಂದಮ್ಮ ರವಿಯ ಮುಖ ನೋಡಿದಳು. ದುಃಖಕ್ಕೆ ತಲೆ ಕೆಟ್ಟಿದೆ ಎನ್ನುವಂತಿತ್ತು ಆ ನೋಟ.

*

ಚಿಕ್ಕಸ್ವಾಮಿ ಮೂವತ್ತೊಂದು ವರ್ಷ ನಂಜನಗೂಡಿನ ರೈಲು ದಾರಿಯಲ್ಲಿ ಕೀಮ್ಯಾನ್ ಆಗಿದ್ದವನು. ದಿನಾ ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ಹಳಿಗುಂಟ ನಡೆಯುವುದು, ಸಡಿಲಾದ ಕೀಲಿ ಬಡಿಯುವುದು, ತಗ್ಗಿದ ಕಡೆ ಗುರುತು ಹಾಕುವುದು. ರಿಟೈರ್ ಆದಮೇಲೆ ನರಸೀಪುರದ ಸ್ವಂತ ಮನೆಗೆ ಬಂದ. ನರಸೀಪುರಕ್ಕೆ ರೈಲಿಲ್ಲ. ಮೈಸೂರಿಗೆ ಮದುವೆಯಾಗಿದ್ದ ಮಗಳು ವಾಣಿ, ಅಪ್ಪನಿಗೆ ಹೊತ್ತು ಹೋಗಲಿ ಎಂದು ಕರೆಂಟಿನಲ್ಲಿ ಓಡುವ ಪುಟಾಣಿ ರೈಲೊಂದನ್ನು ತಂದುಕೊಟ್ಟಳು. ಒಂದು ಎಂಜಿನ್ನು, ನಾಲ್ಕು ಬೋಗಿ, ಒಂದು ಡಬ್ಬದ ತುಂಬ ಹಳಿ.

ಬೇರೆ ಯಾರಾದರೂ ಆಗಿದ್ದರೆ ಅವತ್ತೇ ನಡುಮನೆಯಲ್ಲಿ ಹರಡಿಕೊಂಡು ಓಡಿಸಿಬಿಡುತ್ತಿದ್ದರು. ಈ ಪುಣ್ಯಾತ್ಮ ಹಾಗೆ ಮಾಡಲಿಲ್ಲ. “ಮಟ್ಟ ಇಲ್ಲದ ಕಡೆ ರೈಲು ಬುಡಬಾರ್ದು,” ಎಂದು ಡಬ್ಬ ಮುಚ್ಚಿಟ್ಟ. ಹಸುವಿಗೆ ಶೀಟಿನ ಶೆಡ್ಡು ಕಟ್ಟಿಸಿದ ಮೇಲೆ ಹಳೇ ಕೊಟ್ಟಿಗೆ ಖಾಲಿ ಬಿದ್ದಿತ್ತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಎರಡು ಪ್ಲೈವುಡ್ ಹಲಗೆ ತಂದ. ಅವುಗಳ ತಳಕ್ಕೆ ರೀಪರು ಪಟ್ಟಿಯ ಚೌಕಟ್ಟು ಹೊಡೆದ. ಒಂದೊಂದಕ್ಕೆ ನಾಲ್ಕರಂತೆ ಎಂಟು ಕಾಲು, ಎಲ್ಲವೂ ಸರಿಯಾಗಿ ಎರಡೂವರೆ ಅಡಿ, ಒಂದು ನೂಲು ಹೆಚ್ಚಿಲ್ಲ ಕಡಿಮೆಯಿಲ್ಲ. ಜಂಬದಿಂದ ಹೆಂಡತಿಯನ್ನು ಕರೆದು ಎಂಜಿನ್ನನ್ನು ಹಲಗೆಯ ಮೇಲಿಟ್ಟ. ಅದು ಕರೆಂಟಿಲ್ಲದೆ, ಹಳಿಯಿಲ್ಲದೆ, ತಾನೇ ತಾನಾಗಿ ಮೋರಿ ಕಡೆ ಹೊರಟಿತು!

ಸಣ್ಣತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. “ಕೊಟ್ಗೆ ನೆಲ ಅಂದ್ಮೇಲೆ ವಾಟ ಇರಲ್ವ? ಗಂಜಲ ಮೋರಿಗೆ ಅರೀಬೇಡ್ವ? ಸಗಣಿ ಬಾಚಿದೋಳ ಕೇಳಿದ್ರೆ ಯೋಳ್ತಿದ್ದೆ.”

ಊರೂರಿನ ಹಳಿಯ ತಗ್ಗುದಿಣ್ಣೆ ಬಲ್ಲವನಿಗೆ ತನ್ನ ಕೊಟ್ಟಿಗೆಯ ಇಳಿಜಾರು ತಿಳಿದಿರಲಿಲ್ಲ. ಅಂದಿನಿಂದ ಶುರುವಾಯಿತು. ಒಂದು ಕಾಲು ಕುಯ್ಯುವುದು, ಇನ್ನೊಂದಕ್ಕೆ ಚೂರು ಕೊಡುವುದು, ರಸಮಟ್ಟ ಇಟ್ಟು ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತಿತೇ ಎಂದು ನೋಡುವುದು. ಮಳೆಗಾಲಕ್ಕೆ ಮರ ಉಬ್ಬಿತು, ಬೇಸಿಗೆಗೆ ಸೊಟ್ಟಗಾಯಿತು. ಮತ್ತೆ ಮೊದಲಿಂದ. ಬೀದಿಯವರು ನಗುತ್ತಿದ್ದರು: “ಸರ್ಕಾರ ನಮ್ಮೂರಿಗೆ ರೈಲು ತರ್ಲಿಲ್ಲ ಅಂತ ಚಿಕ್ಕಸ್ವಾಮಿ ಕೊಟ್ಗೆಗೇ ತತ್ತಾವ್ನೆ ಕಣ್ರೋ.” ಎಂಟು ಕಾಲಿನಲ್ಲಿ ಒಂದರಂತೆ ಒಂದಿಲ್ಲ ಎನ್ನುವಂತಾಯಿತು. ಪ್ರತಿ ಕಾಲಿಗೂ ನಂಬರು ಕೊಟ್ಟು, ನೆಲದ ಮೇಲೆ ಅದರ ಜಾಗದಲ್ಲೂ ಅದೇ ನಂಬರನ್ನು ಪೇಂಟಿನಲ್ಲಿ ಬರೆದ.

*

ಮೊನ್ನೆ ಸೋಮವಾರ ಬೆಳಿಗ್ಗೆ ಸಣ್ಣತಾಯಮ್ಮ ಹಾಲಿನ ಕ್ಯಾನು ಹಿಡಿದು ಅಂಗಳ ದಾಟುತ್ತಿದ್ದಾಗ ಕೊಟ್ಟಿಗೆಯಿಂದ ಗಂಡ ಕೂಗಿದ.

“ತಾಯಮ್ಮ, ಬಾ ಇಲ್ಲಿ. ಕೂತ್ಕತು ಕಣೇ ಮಟ್ಟ. ಎರಡು ಅಲಗೇನೂ ಕೂತ್ಕತು.”

“ಡೈರಿ ಮುಚ್ಚೋಯ್ತದೆ. ಬತ್ತೀನಿ ಇರಿ.”

ಡೈರಿಯಾದ ಮೇಲೆ ರೇಷನ್ನು. ಮಾರನೇ ದಿನ ರಾಗಿ ಮಿಲ್ಲು. ಚಿಕ್ಕಸ್ವಾಮಿ ಮತ್ತೆ ಕರೆಯಲಿಲ್ಲ. ಹಳಿಯ ಡಬ್ಬವನ್ನೂ ಬಿಚ್ಚಲಿಲ್ಲ. ಬುಧವಾರ ಸಂಜೆ ಕಾಫಿ ಲೋಟ ಕೈಯಲ್ಲಿರುವಾಗಲೇ ಜಗಲಿಯ ಮೇಲೆ ವಾಲಿದ.

ಅಷ್ಟು ದೂರ ನಡೆದು ಹೋಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆಗಿನಿಂದ ಸಣ್ಣತಾಯಮ್ಮನಿಗೆ ಇದೊಂದೇ ಯೋಚನೆ. ನಾಲ್ಕು ವರ್ಷ ಗುಳ್ಳೆ ನೋಡುತ್ತ ಕೂತವನು ಕೊನೆಗೂ ಗೆದ್ದನೋ, ಬರೀ ಬಾಯಿಮಾತಿಗೆ ಅಂದನೋ, ಅದು ಅವಳಿಗೆ ಬೇಕಿತ್ತು.

*

“ಬಾಗಿಲ ಮುಂದೆ ಮೀಸೋದು ನಮ್ಮ ಪದ್ಧತಿ,” ಎಂದು ಗೋವಿಂದಮ್ಮ ಪಟ್ಟು ಹಿಡಿದಿದ್ದಳು.

“ಬಾಗಿಲ ಮುಂದೆ ಎಲ್ಲದೆ ಜಾಗ? ಪೈಪಿನೋರು ಗುಂಡಿ ತೋಡಿ ಓಗವ್ರೆ. ಅಲಗೆ ಆಕುದ್ರೆ ಅವರ ತಲೆ ಒಂದು ಕಡೆ, ಕಾಲು ಒಂದು ಕಡೆ ವಾಲ್ತದೆ,” ಎಂದ ಸಣ್ಣತಾಯಮ್ಮ ಹಲಗೆಯ ಹತ್ತಿರ ಬಂದು ಹೇಳಿದಳು: “ಇಲ್ಲೇ ಮೀಸ್ರಿ. ಬಿಚ್ಚಬ್ಯಾಡಿ. ಇದ್ದಂಗೇ ಇದರ ಮೇಲೇ ಮಲಗಿಸ್ರಿ.”

ಈಗ ಬೆಚ್ಚಿದವನು ರವಿ. “ಪ್ಲೈವುಡ್ಡು ದೊಡ್ಡವ್ವ! ನೀರು ಕುಡುದ್ರೆ ಸಂಜೆ ಒಳಗೆ ಉಬ್ಬೋಯ್ತದೆ. ಆಮೇಲೆ ಯಾರು ತಿಪ್ಪರಲಾಗ ಹಾಕುದ್ರೂ ಸರಿಯಾಗಲ್ಲ.”

“ಉಬ್ಲಿ. ಇನ್ಯಾರು ಓಡ್ಸರು ರೈಲ?”

ಬಾಗಿಲ ಬಳಿ ನಿಂತಿದ್ದ ವಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಪ್ಪ ಒಂದ್ ಸಲಾನೂ ಓಡಿಸ್ಲಿಲ್ವಾಮ್ಮ?”

“ಇಲ್ಲ ಕಣವ್ವ. ನಾ ಬರ್ಲಿ ಅಂತ ಕಾಯ್ತಿದ್ರು.”

ಗೋವಿಂದಮ್ಮ ಹಂಡೆಯನ್ನು ಕೊಟ್ಟಿಗೆಗೇ ತರಲು ಹೇಳಿದಳು. ನಾಲ್ವರು ಗಂಡಸರು ಚಿಕ್ಕಸ್ವಾಮಿಯನ್ನು ಹೊತ್ತು ತಂದು, ತೆಂಕಲಿಗೆ ತಲೆ ಮಾಡಿ ಒಂದು ಹಲಗೆಯ ನಟ್ಟನಡುವೆ ಮಲಗಿಸಿದರು. ಹಲಗೆ ಕಿರುಗುಟ್ಟಲಿಲ್ಲ, ಅಲುಗಲಿಲ್ಲ. ಹಂಡೆಯ ನೀರು ಬಂತು. ಬಳಗದವರು ಒಂದೊಂದು ಚೊಂಬು ಹಾಕಬೇಕು.

“ಮೋರಿ ಕಡೆ ನಿಂತೋರು ಪಂಚೆ ಎತ್ಕಟ್ಕಳಿ. ನೀರು ಅತ್ಲಾಗೇ ಬರದು,” ಎಂದಳು ಗೋವಿಂದಮ್ಮ. ಆ ಕೊಟ್ಟಿಗೆಯ ನೆಲ ಅವಳಿಗೂ ಗೊತ್ತಿದ್ದದ್ದೇ. ಗಂಡಸರು ಪಂಚೆ ಮೇಲಕ್ಕೆ ಕಟ್ಟಿದರು. ಹೆಂಗಸರೆಲ್ಲ ನಮಗೇನು ಭಯವಿಲ್ಲವೆಂದು ಮೋರಿಗೆ ಎದುರಿನ ಗೋಡೆ ಕಡೆಗೆ ಒತ್ತಾಗಿ ನಿಂತರು.

ಗೋವಿಂದಮ್ಮ ತಮ್ಮನ ಎದೆಯ ಮೇಲೆ ಮೊದಲ ಚೊಂಬು ಸುರಿದಳು. ಅವಳ ಹಿಂದೆ ರವಿ, ಆಮೇಲೆ ವಾಣಿ. ನೀರು ಮೈಯಿಂದಿಳಿದು ಹಲಗೆ ಮುಟ್ಟಿ ನಿಂತಿತು. ಎತ್ತಲೂ ಓಡಲಿಲ್ಲ. ಸುತ್ತ ತೆಳ್ಳಗೆ ಹರಡುತ್ತ ಹರಡುತ್ತ ಅಂಚಿಗೆ ಬಂತು. ಮೋರಿ ಕಡೆಯ ಗಂಡಸರೂ ಗೋಡೆ ಕಡೆಯ ಹೆಂಗಸರೂ ಒಂದೇ ಸಲಕ್ಕೆ ಹಿಂದಕ್ಕೆ ಹಾರಿದರು.

“ಇದೇನ್ಲಾ ಇದು, ಎರಡೂ ಕಡೀಕೂ ಬತ್ತಾ ಅದೆ!” ಎಂದಳು ಗೋವಿಂದಮ್ಮ.

ಬುಧವಾರದಿಂದ ಅಳದಿದ್ದ ಸಣ್ಣತಾಯಮ್ಮನಿಗೆ ಆಗ ಅಳು ಬಂತು. ಅಳುತ್ತಲೇ ವಾಣಿಯ ಕೈಯಿಂದ ಚೊಂಬು ತೆಗೆದುಕೊಂಡಳು. “ನೋಡ್ದೆ ಕಣ್ರೀ,” ಎಂದು ಗಂಡನ ಕಿವಿಯ ಹತ್ತಿರ ಬಾಗಿ ಹೇಳಿ, ತನ್ನ ಪಾಲಿನ ನೀರನ್ನು ನಿಧಾನವಾಗಿ ಹೊಯ್ದಳು. ಯಾವ ಬದಿಗೆ ನಿಲ್ಲಬೇಕೆಂದು ತಿಳಿಯದೆ ಜನರೆಲ್ಲ ತಲೆದೆಸೆಗೂ ಕಾಲ್ದೆಸೆಗೂ ಗುಂಪುಗೂಡಿದರು. ಹಲಗೆಯ ಎರಡೂ ಅಂಚಿನಲ್ಲಿ ಉದ್ದಕ್ಕೂ ನೀರು ಸಾಲಾಗಿ ತೊಟ್ಟಿಕ್ಕುತ್ತಿತ್ತು.