ವೇದಿಕೆಯ ಕೆಳಗಿನ ಜಾಗ

ರೂಪಾಲಿ ಟೀಚರ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಗಿರಿಜಾಬಾಯಿಗೆ ಅವಳು ಬಂದ ಕಾರಣ ಹೊಳೆದುಹೋಯಿತು. ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸ್‌ನಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಕುಣಿತ ಕಲಿಸುವವಳು ಜೋಯಿಡಾ ಕಡೆಯ ಈ ರಾಮನಗರದ ಹುಡುಗಿ. ಹರಟೆಗೆಂದು ಯಾರ ಮನೆಗೂ ಹೋಗುವವಳಲ್ಲ. ಗಿರಿಜಾಬಾಯಿ ಮೊಮ್ಮಗಳ ಕಡೆ ಒಂದು ಕಣ್ಣಿಟ್ಟು, ಸುಲಿಯುತ್ತಿದ್ದ ತೊಗರಿಕಾಯಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆಜಿ, ಹಳಿಯಾಳದಾಗ ಡಾನ್ಸ್ ಸ್ಪರ್ಧಾ ಐತ್ರಿ," ಎಂದಳು ರೂಪಾಲಿ. "ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ನಾಕೂ ಕಡಿಂದ ಮಕ್ಕಳು ಬರ್ತಾವ. ನಮ್ಮ ಸುಮಿತಾನ ಹೆಸರು ಕೊಡ್ಲೇನ್ರಿ?"

"ಇನ್ನ ವರ್ಷ ತುಂಬಿಲ್ಲವ್ವ. ತಾಯಿ ಮಣ್ಣಾಗಿ ವರ್ಷ ಆಗಿಲ್ಲ, ಮಗಳಿಗೆ ಬಣ್ಣಾ ಹಚ್ಚಿ ಕುಣಸೂಣೇನು? ಮಂದಿ ಏನಂದಾರು?"

ಮೊದಲ ಪಾಳಿ ಮುಗಿಸಿ ಬಂದಿದ್ದ ಅಳಿಯ ಶರಣಬಸವ ಚಹಾದ ಬಟ್ಟಲನ್ನೇ ನೋಡುತ್ತ ಕುಳಿತಿದ್ದ. ಮೊದಲೇ ಮಾತು ಕಡಿಮೆ. ಹೆಂಡತಿ ಪೂರ್ಣಿಮಾ ಶ್ರಾವಣದಲ್ಲಿ ತೀರಿಕೊಂಡ ಮೇಲೆ ಇದ್ದಬದ್ದ ಮಾತೂ ಬತ್ತಿತ್ತು. "ಅಕಿಗೆ ಭಾಳ ಆಸೆ ಇತ್ರಿ, ಅತ್ತಿ," ಎಂದ ಮೆಲ್ಲಗೆ.

ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದ ಒಂಬತ್ತು ವರ್ಷದ ಸುಮಿತಾ ತಲೆ ಎತ್ತದೆ, "ನಾ ಕುಣಿಯೂದಿಲ್ಲ," ಎಂದಳು.

"ಕೇಳಿದ್ರ್ಯಾ?" ಗಿರಿಜಾಬಾಯಿಯ ದನಿಯಲ್ಲಿ ಗೆದ್ದ ಗತ್ತು ಬಂತು. "ಕೂಸಿಗಿದ್ದ ತಿಳುವಳಿಕಿ ದೊಡ್ಡವ್ರಿಗಿಲ್ಲ."

ನಿಜ ಹೇಳಬೇಕೆಂದರೆ ವರ್ಷ ತುಂಬಿಲ್ಲ ಎನ್ನುವುದು ಬರೀ ನೆಪ. ಗಿರಿಜಾಬಾಯಿಗೆ ಇದ್ದದ್ದು ಸಿಟ್ಟು. ಸತ್ತ ಮಗಳ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ, ದೇವರ ಮೇಲೆ ಮಾಡಿದರೆ ಅವನಿಗೆ ತಾಕುವುದಿಲ್ಲ. ಹಾಗಾಗಿ ಅಷ್ಟೂ ಸಿಟ್ಟು ಹೋಗಿ ಆ ಕುಣಿತದ ಮೇಲೆ ಕೂತಿತ್ತು.

ಪೂರ್ಣಿಮಾಗೆ ಮಗಳ ಕುಣಿತದ ಹುಚ್ಚು ಅಷ್ಟಿಷ್ಟಲ್ಲ. ಸುಮಿತಾ ವೇದಿಕೆ ಹತ್ತಿದರೆ ಸಾಕು, ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆಯ ಕೆಳಗೆ, ನಟ್ಟನಡುವೆ ನಿಂತುಬಿಡುತ್ತಿದ್ದಳು. ಮಗಳು ಮೇಲೆ ಬೀಸುವ ಕಲ್ಲು ತಿರುಗಿಸಿದರೆ ತಾಯಿ ಕೆಳಗೆ ತಿರುಗಿಸಬೇಕು, ಮಗಳು ಮೊರದಲ್ಲಿ ಜೋಳ ಕೇರಿದರೆ ತಾಯಿಯೂ ಕೇರಬೇಕು. ಹುಡುಗಿಯ ಕಣ್ಣು ಬೇರೆಲ್ಲೂ ಹೋಗದೆ ತಾಯಿಯ ಕೈಯ ಮೇಲೇ ಇರುತ್ತಿತ್ತು. ಒಮ್ಮೆ ಪೂರ್ಣಿಮಾಳ ತವರೂರು ಮಳಗಿಯ ಶಾಲೆಯ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಹೀಗೇ ಆದಾಗ ಗಿರಿಜಾಬಾಯಿ ಮುಂದಿನ ಸಾಲಿನಿಂದ ಸೆರಗು ಹಿಡಿದು ಜಗ್ಗಿದ್ದಳು. "ಕೂಡವ್ವ ಕೆಳಗ. ಮಂದಿ ನಗಾಕತ್ತಾರ."

"ನಗಲಿ ಬಿಡವ್ವ," ಎಂದಿದ್ದಳು ಪೂರ್ಣಿಮಾ, ಕೈ ನಿಲ್ಲಿಸದೆ.

ಆಮೇಲೆ ಶ್ರಾವಣ ಬಂತು. ರಾಮನಗರದಲ್ಲಿ ಸ್ಪರ್ಧೆಯಿತ್ತು. ಪೂರ್ಣಿಮಾಗೆ ಮೈಯಲ್ಲಿ ಜ್ವರ. ಗುಳಿಗೆ ನುಂಗಿ, ಮಗಳನ್ನು ಕಟ್ಟಿಕೊಂಡು, ಸುರಿಯುವ ಮಳೆಯಲ್ಲಿ ಬಸ್ಸು ಹತ್ತಿದಳು. ಎರಡನೇ ಬಹುಮಾನ ಹಿಡಿದುಕೊಂಡು ಬಂದವಳು ಹಾಸಿಗೆ ಹಿಡಿದಳು. ಡೆಂಗಿ ಎಂದು ಗೊತ್ತಾಗಿ ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಎಲ್ಲ ಕೈಮೀರಿತ್ತು. ಮಳಗಿಯಲ್ಲಿ ಮಗ ಸೊಸೆಯ ಜೊತೆ ಇದ್ದ ಗಿರಿಜಾಬಾಯಿ ಮಗಳನ್ನು ಮಣ್ಣು ಮಾಡಲು ಬಂದವಳು ಮೊಮ್ಮಗಳಿಗಾಗಿ ದಾಂಡೇಲಿಯಲ್ಲೇ ಉಳಿದಳು.

ಅಳಿಯನ ಬಾಯಿ ಮುಚ್ಚಿಸಲು ಅವಳು ಮಠದ ಅಯ್ಯನವರ ಹತ್ತಿರವೂ ಹೋಗಿಬಂದಳು. ಅವರೊಂದು ಮಾತು 'ಬೇಡ' ಎಂದರೆ ಮುಗಿಯಿತಲ್ಲ. ಅಯ್ಯನವರು ಅವಳನ್ನು ಮಿಕಿಮಿಕಿ ನೋಡಿ, "ಲಿಂಗಾ ಕಟ್ಟಿದ ಮನಿಗೆ ಸೂತಕ ಎಲ್ಲೀದವ್ವಾ? ಕೂಸು ಕುಣೀಲಿ, ತಾಯಿ ಆತ್ಮಕ್ಕ ಸಮಾಧಾನ ಆಗ್ತೈತಿ," ಎಂದುಬಿಟ್ಟರು. ಕಾಣಿಕೆಗೆ ಒಯ್ದ ತೆಂಗಿನಕಾಯಿ ಸುಮ್ಮನೆ ದಂಡವಾಯಿತೆಂದು ಗಿರಿಜಾಬಾಯಿ ದಾರಿಯುದ್ದಕ್ಕೂ ಒಳಗೊಳಗೇ ಉರಿದಳು.

ಶರಣಬಸವನಿಗೆ ಅಷ್ಟೇ ಸಾಕಾಯಿತು. "ಹೆಸರು ಕೊಡ್ತೇನಿ ಅತ್ತಿ," ಎಂದ. ಸುಮಿತಾ ಎದ್ದು ನೀರು ಕುಡಿದು ಬಂದು ಮತ್ತೆ ಪುಸ್ತಕ ಹಿಡಿದು ಕುಳಿತಳು.

ಮರುದಿನ ಶರಣಬಸವ ಮಿಲ್ಲಿನಿಂದ ಬಂದವನೇ, ಹೆಸರು ಕೊಡುವುದನ್ನೂ ಬಿಟ್ಟು, ಹೊದ್ದುಕೊಂಡು ಮಲಗಿದ. ನೆಗಡಿ, ಸ್ವಲ್ಪ ಮೈಬಿಸಿ. ಚಳಿಗಾಲದಲ್ಲಿ ಆ ಕ್ವಾರ್ಟರ್ಸ್‌ನಲ್ಲಿ ಯಾರಿಗೆ ಬರುವುದಿಲ್ಲ? ಗಿರಿಜಾಬಾಯಿ ಕಷಾಯಕ್ಕೆ ಶುಂಠಿ ಜಜ್ಜುತ್ತಿದ್ದಾಗ ಪಕ್ಕದ ಮನೆಯ ನೀಲಕ್ಕ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಸೆರಗು ಸರಿಸಿದಳು. ಸುಮಿತಾಳ ಗೆಜ್ಜೆಗಳು.

"ನಿಮ್ಮ ಮೊಮ್ಮಗಳು ತಂದು ಕೊಟ್ಟಾಳ್ರಿ. ಕಾಳಿ ಹೊಳಿಗೆ ಒಗದು ಬರ್ರಿ ಅಂದ್ಲು. ಇವತ್ತಽ ಒಗೀಬೇಕು, ಅಪ್ಪಗ ಜ್ವರಾ ಬಂದಾವ ಅಂದ್ಲು. ಅಳಾಕತ್ತಿತ್ತು ಕೂಸು."

ಗಿರಿಜಾಬಾಯಿ ಕಲ್ಲು ಕೆಳಗಿಟ್ಟಳು. ಸುಮಿತಾ ಅಪ್ಪನ ಹಾಸಿಗೆಯ ಪಕ್ಕದಲ್ಲಿ, ಅವನ ಹಣೆಯ ಮೇಲೆ ಅಂಗೈ ಇಟ್ಟು ಕುಳಿತಿದ್ದಳು. ಅವಳನ್ನು ಹೊರಗೆ ಕರೆದು ಕಟ್ಟೆಯ ಮೇಲೆ ಕೂರಿಸಿಕೊಂಡಳು.

"ಗೆಜ್ಜಿ ಯಾಕ ಒಗಿಯಾಕ ಹೇಳಿದಿ?"

ಗಿರಿಜಾಬಾಯಿ ರಮಿಸಿದಳು, ಗದರಿದಳು, ಕೊನೆಗೆ ತಲೆ ಸವರಿದಳು.

"ಗೆಜ್ಜಿ ಅವ್ವನ್ನ ನುಂಗಿದುವಲ್ಲ," ಎಂದಳು ಸುಮಿತಾ. "ಈಗ ಅಪ್ಪನ್ನೂ ನುಂಗತಾವ."

"ಯಾರಂದ್ರು ನಿನಗ ಹಂಗಂತ?"

"ನೀನಽ ಅಂದಿ, ಆಯಿ." ಆಮೇಲೆ ಆ ಮಗು, ಕಲಿತ ಪಾಠ ಒಪ್ಪಿಸುವ ಹಾಗೆ, ಅದೇ ಎಳೆತದಲ್ಲಿ, ಅದೇ ರಾಗದಲ್ಲಿ ಹೇಳಿತು: "ಕುಣಿತದ ಬೆನ್ನ ಹತ್ತಿ ಹೋದ್ಯಲ್ಲ ನನ ಮಗಳ... ಗೆಜ್ಜಿ ನಿನ್ನ ನುಂಗಿದುವಲ್ಲ ನನ ಬಂಗಾರ..."

ಮಗಳ ಹೆಣದ ಮುಂದೆ ಗಿರಿಜಾಬಾಯಿಯೇ ಹಾಡಿದ ಮಾತು ಅದು. ಅವಳ ಕಡೆಯ ಹೆಂಗಸರು ಹೆಣದ ಮುಂದೆ ಬರೀ ಕಣ್ಣೀರು ಹಾಕುವುದಿಲ್ಲ. ಮಾತು ಕಟ್ಟಿ, ರಾಗ ಎಳೆದು ಹಾಡ್ಯಾಡಿ ಅಳುತ್ತಾರೆ. ಆ ಅಳುವಿನಲ್ಲಿ ಎಲ್ಲರ ಮೇಲೂ ದೂರು ಬರುತ್ತದೆ. ಅವತ್ತು ಗಿರಿಜಾಬಾಯಿ ಬಸ್ಸಿಗೆ ಬೈದಿದ್ದಳು, ಮಳೆಗೆ ಬೈದಿದ್ದಳು, ಬಸವಣ್ಣನಿಗೆ ಬೈದಿದ್ದಳು, ಯಾವತ್ತೋ ತೀರಿಕೊಂಡ ಗಂಡನಿಗೆ 'ಮಗಳನ್ನ ಯಾಕ ಕರಕೊಂಡಿ' ಎಂದು ಜಗಳ ತೆಗೆದಿದ್ದಳು. ಅಂಥ ಹೊತ್ತಿನ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಮಣ್ಣು ಮಾಡಿ ಬಂದು ಮೈಗೆ ನೀರು ಹಾಕಿಕೊಂಡರೆ ಅವೂ ಹರಿದುಹೋದ ಹಾಗೆ. ದೊಡ್ಡವರಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಕಂಬ ಹಿಡಿದು ನಿಂತಿದ್ದ ಮಗುವಿಗೆ ಯಾರೂ ಹೇಳಿರಲಿಲ್ಲ. ಅದು ಒಂದೊಂದು ಮಾತನ್ನೂ ನಂಬಿತ್ತು. ತನ್ನ ಗೆಜ್ಜೆಯೇ ಅವ್ವನನ್ನು ಕೊಂದದ್ದು ಎಂದು ನಂಬಿಕೊಂಡು ಇಷ್ಟು ದಿನ ಉಂಡಿತ್ತು, ಶಾಲೆಗೆ ಹೋಗಿತ್ತು, ಅಜ್ಜಿಯ ಮಗ್ಗುಲಲ್ಲೇ ಮಲಗಿತ್ತು.

"ಅದು ಸುಳ್ಳವ್ವ," ಎಂದಳು ಗಿರಿಜಾಬಾಯಿ. "ಸಂಕಟಕ್ಕ ಅಂದ ಮಾತದು. ನಿಮ್ಮವ್ವಗ ಸೊಳ್ಳಿ ಕಡದು ಜ್ವರಾ ಬಂದಿದ್ವು. ಡಾಕ್ಟರಽ ಹೇಳ್ಯಾರ."

"ಮತ್ತ ನೀ ಯಾಕ ಕುಣಿಯೂದು ಬ್ಯಾಡ ಅಂತಿ?"

ಗಿರಿಜಾಬಾಯಿಗೆ ಈಗ ಹೊಳೆಯಿತು. ತನ್ನ ನೆಪ, ತನ್ನ ಸಿಟ್ಟು, ಮೊನ್ನೆ ರೂಪಾಲಿಯ ಮುಂದೆ ತೋರಿಸಿದ ಗತ್ತು, ಎಲ್ಲವೂ ಈ ಮಗುವಿನ ಕಣ್ಣಿಗೆ ಆ ಮಾತಿನ ಸಾಕ್ಷಿಯಾಗಿ ಕಂಡಿರಬೇಕು. ಇನ್ನು ಬಾಯಿಮಾತಿನಲ್ಲಿ ಎಷ್ಟು ಆಣೆ ಪ್ರಮಾಣ ಮಾಡಿದರೂ ಅದು ನಂಬುವ ಹಾಗಿರಲಿಲ್ಲ. ಒಂದೇ ದಾರಿ ಉಳಿದಿತ್ತು. ಹುಡುಗಿ ಕುಣಿಯಬೇಕು, ಕುಣಿದ ಮೇಲೂ ಅವಳಪ್ಪ ಎದ್ದು ಓಡಾಡುವುದನ್ನು ಕಣ್ಣಾರೆ ನೋಡಬೇಕು.

ನೆಗಡಿ ಮೂರು ದಿನಕ್ಕೆ ಬಿಟ್ಟುಹೋಯಿತು. ಅಳಿಯ ಮಿಲ್ಲಿಗೆ ಹೋದ ಮೇಲೆ ಗಿರಿಜಾಬಾಯಿ ಚಪ್ಪಲಿ ಮೆಟ್ಟಿ, ತಾನೇ ರೂಪಾಲಿಯ ಮನೆ ಹುಡುಕಿಕೊಂಡು ಹೋದಳು. "ಹೆಸರು ಬರ್ಕೋ ತಂಗಿ," ಎಂದಳು. ರೂಪಾಲಿ ಬಾಯಿ ತೆರೆಯುವ ಮೊದಲೇ, "ಯಾಕ ಅಂತ ಕೇಳಬ್ಯಾಡ," ಎಂದೂ ಹೇಳಿದಳು.

ಸುಮಿತಾ ಒಪ್ಪಿದಳು ಎನ್ನುವುದಕ್ಕಿಂತ ಅಜ್ಜಿಯ ಮಾತು ಮೀರಲಿಲ್ಲ ಎನ್ನಬೇಕು. ಗೆಜ್ಜೆಯನ್ನು ಗಿರಿಜಾಬಾಯಿ ಮೊದಲು ತನ್ನ ಕಾಲಿಗೆ ಕಟ್ಟಿಕೊಂಡು ಅಂಗಳದಲ್ಲಿ ಘಲ್ಲುಘಲ್ಲೆಂದು ಓಡಾಡಿ ತೋರಿಸಿದಳು. ನೀಲಕ್ಕ ಗೋಡೆಯಾಚೆಯಿಂದ ನೋಡಿ ಬಿದ್ದುಬಿದ್ದು ನಕ್ಕಳು. ಹುಡುಗಿ ನಗಲಿಲ್ಲ, ಆದರೆ ಸಂಜೆ ತಾನೂ ಕಟ್ಟಿಕೊಂಡಳು. ದಿನಾ ಸಂಜೆ ರೂಪಾಲಿ ಫೋನಿನಲ್ಲಿ ಹಾಡು ಹಚ್ಚುವಳು. ಗಿರಿಜಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಕೀಲಿಸಿ ನೋಡುವಳು. ಬೀಸುವುದು, ಕೇರುವುದು, ನೀರು ಸೇದುವುದು, ಕೊನೆಗೆ ತೊಟ್ಟಿಲು ತೂಗುವುದು. ಇದನ್ನೆಲ್ಲ ನಾವು ಬಾಳುದ್ದಕ್ಕೂ ಮಾಡಿದೆವು, ಒಬ್ಬರೂ ಬಹುಮಾನದ ಕಪ್ಪು ಕೊಡಲಿಲ್ಲ ಎಂದು ಅವಳಿಗೆ ಒಳಗೇ ನಗೆ. ಮೊಮ್ಮಗಳು ಶಾಲೆಗೆ ಹೋದಾಗ, ಬಾಗಿಲು ಮುಂದೆ ಮಾಡಿ, ಹಾಡನ್ನು ಬಾಯಲ್ಲೇ ಗುನುಗಿ ಅವಳೂ ಕೈ ತಿರುಗಿಸಿ ನೋಡಿದಳು. ಯಾರಿಗೂ ಹೇಳಲಿಲ್ಲ. ವೇದಿಕೆಯ ಮೇಲೆ ನಿಂತಾಗ ಹುಡುಗಿಯ ಕಣ್ಣು ತಾಯಿ ನಿಲ್ಲುತ್ತಿದ್ದ ಜಾಗಕ್ಕೇ ಹೋಗುತ್ತದೆ, ಅಲ್ಲಿ ಬರೀ ನೆಲ ಕಾಣಬಾರದು. ಅವಳಿಗೆ ಇದ್ದದ್ದು ಅದೊಂದೇ ಹಟ.

ಹಳಿಯಾಳದ ಆ ಸಭಾಭವನ ಬಣ್ಣ ಹಚ್ಚಿಕೊಂಡ ಮಕ್ಕಳಿಂದ, ಅವರ ಹಿಂದೆ ಪಿನ್ನು ಹಿಡಿದು ಓಡುವ ತಾಯಂದಿರಿಂದ ಗಿಜಿಗುಟ್ಟುತ್ತಿತ್ತು. ಸುಮಿತಾಳ ಇಳಕಲ್ ಸೀರೆಯನ್ನು ರೂಪಾಲಿ ಉಡಿಸಿದಳು, ತಲೆಯನ್ನು ಗಿರಿಜಾಬಾಯಿ ಬಾಚಿದಳು. ಹೆಸರು ಕೂಗಿದಾಗ ಹುಡುಗಿ ಅಪ್ಪನ ಕಡೆ ಒಮ್ಮೆ ನೋಡಿ ಮೆಟ್ಟಿಲು ಹತ್ತಿದಳು. ಗಿರಿಜಾಬಾಯಿ ಅಳಿಯನ ಪಕ್ಕದ ಕುರ್ಚಿಯಿಂದ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಡೆದು ಹೋಗಿ ವೇದಿಕೆಯ ಕೆಳಗೆ ನಟ್ಟನಡುವೆ ನಿಂತಳು.

ಹಾಡು ಶುರುವಾಯಿತು. ಮೇಲೆ ಮೊಮ್ಮಗಳು ಕಲ್ಲು ತಿರುಗಿಸಿದಳು, ಕೆಳಗೆ ಅಜ್ಜಿ ತಿರುಗಿಸಿದಳು, ಒಂದು ಗತಿ ಹಿಂದೆ. ಯಾರೋ ಕಿಸಕ್ಕೆಂದರು. ಎದೆಗೆ ಬಿಲ್ಲೆ ಹಚ್ಚಿಕೊಂಡ ಹುಡುಗನೊಬ್ಬ ಬಂದು, "ಅಜ್ಜೀ, ಕೂಡ್ರಿ ಕೆಳಗ, ಹಿಂದಿನವ್ರಿಗೆ ಕಾಣವಲ್ತು," ಎಂದ. ಇದೇ ಮಾತನ್ನು ತಾನು ಮಗಳಿಗೆ ಅಂದದ್ದು ಗಿರಿಜಾಬಾಯಿಯ ಎದೆಗೆ ಬಂದು ತಾಕಿತು. ಸೆರಗು ಜಗ್ಗಿದ್ದ ಆ ಕೈಯನ್ನೇ ಎತ್ತಿ ಅವಳು ಮೊರ ಕೇರಿದಳು. ತೋಳು ಸೋತವು, ಉಸಿರು ಮೇಲಕ್ಕೆ ಬಂತು. ಕೊನೆಯ ತೊಟ್ಟಿಲಿನ ಭಾಗದಲ್ಲಿ ಬರಿಗೈಯನ್ನು ಆಚೆ ಈಚೆ ತೂಗುವಾಗ, ಪೂರ್ಣಿಮಾಳನ್ನು ತೂಗಿದ ಮಳಗಿಯ ತೊಟ್ಟಿಲು ನೆನಪಾಗಿ ಅವಳಿಗೆ ಅಳು ತಡೆಯಲಾಗಲಿಲ್ಲ. ಆದರೂ ಕೈ ನಿಲ್ಲಿಸಲಿಲ್ಲ.

ಮೇಲಿನ ಹುಡುಗಿ ಮಾತ್ರ ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ಮೊದಲ ಹೆಜ್ಜೆಯಿಂದ ಕೊನೆಗೆ ಕೈಮುಗಿಯುವವರೆಗೆ ಅವಳ ಕಣ್ಣುಗಳು ಸಭಾಭವನದ ತಗಡಿನ ಮಾಡಿನ ಮೇಲೇ ಇದ್ದವು.

ಬಹುಮಾನ ಬರಲಿಲ್ಲ. ತೀರ್ಪುಗಾರರಲ್ಲಿ ಒಬ್ಬಾಕೆ ರೂಪಾಲಿಯನ್ನು ಕರೆದು, ಹೆಜ್ಜೆ ಚೊಕ್ಕ ಇವೆ, ಆದರೆ ಮಗು ಜನರ ಕಡೆ ನೋಡುವುದೇ ಇಲ್ಲವಲ್ಲ, ಅಲ್ಲೇ ಅಂಕ ಹೋದವು ಎಂದರಂತೆ. ಸುಮಿತಾಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ವೇದಿಕೆ ಇಳಿದವಳೇ ಓಡಿ ಬಂದು ಅಪ್ಪನ ಹಣೆ ಮುಟ್ಟಿ ನೋಡಿದ್ದಳು. ಬಸ್ಸು ಹತ್ತಿದ ಮೇಲೂ ಮತ್ತೊಮ್ಮೆ ಮುಟ್ಟಿದಳು. ತಣ್ಣಗಿತ್ತು. ಆಮೇಲೆ ಅಜ್ಜಿಗೆ ಒತ್ತಿಕೊಂಡು ಕುಳಿತಳು.

"ಆಯಿ, ನಾ ಕೆಳಗ ನೋಡ್ಲೇ ಇಲ್ಲ," ಎಂದಳು ಬಸ್ಸು ಊರು ದಾಟಿದ ಮೇಲೆ.

"ಯಾಕವ್ವ?"

"ನೋಡಿದ್ರ ಅವ್ವ ಇಲ್ಲ ಅಂತ ಗೊತ್ತಾಗಿಬಿಡ್ತಿತ್ತು. ನೋಡ್ಲಿಲ್ಲಂದ್ರ ಅಕಿ ಅಲ್ಲೇ ನಿಂತಿರ್ತಾಳ."

ಗಿರಿಜಾಬಾಯಿಯ ತೋಳುಗಳು ಇನ್ನೂ ನೋಯುತ್ತಿದ್ದವು. ನಾ ನಿಂತಿದ್ನವ್ವ ಅಲ್ಲಿ, ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಎಲ್ಲವನ್ನೂ ಕುರ್ಚಿಯಲ್ಲಿ ಕೂತು ನೋಡಿದ್ದ ಶರಣಬಸವ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

"ನೀ ಅಪ್ಪನ ಬಾಜೂ ಕುಂತಿದ್ದಿ ಅಲ್ಲಾ," ಎಂದಳು ಸುಮಿತಾ. "ನಿನಗ ಕಾಣತಿತ್ತು. ಅವ್ವ ಇದ್ಲೇನು?"

"ಇದ್ಲವ್ವ."

"ಕೈ ಮಾಡಾಕತ್ತಿದ್ಲಾ?"

"ಮಾಡಾಕತ್ತಿದ್ಲು. ಎಲ್ಲಾ ಮಾಡಿದ್ಲು. ತೊಟ್ಟಲಾನೂ ತೂಗಿದ್ಲು."

"ಮಂದಿ ನಕ್ರಾ?"

"ನಕ್ರು," ಎಂದಳು ಗಿರಿಜಾಬಾಯಿ. "ನಗಲಿ ಬಿಡು."

ಹುಡುಗಿ ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟು, ದಾಂಡೇಲಿ ಬರುವ ತನಕ ನಿದ್ದೆ ಮಾಡಿದಳು.