ಅಂಗೈ ಕೆಳಗಿನ ಅಂಗೈ

ಆ ಸೋಮವಾರ ಬೆಳಿಗ್ಗೆ ಮುಂಬಯಿಯ ಆಂಟಾಪ್ ಹಿಲ್ ಮೇಲೆ ಮೋಡ ದಟ್ಟವಾಗಿ ಕೂತಿತ್ತು, ಹನಿ ಮಾತ್ರ ಇಲ್ಲ. ಬಟ್ಟೆ ಒಣಹಾಕಲೋ ಬೇಡವೋ ಎಂದು ಚಾಳಿನವರೆಲ್ಲ ಆಕಾಶ ನೋಡುತ್ತಿದ್ದರೆ, ಸುಂದ್ರವ್ವ ತನ್ನ ಎಡ ಅಂಗೈ ನೋಡುತ್ತ ಕೂತಿದ್ದಳು. ಬೆರಳುಗಳು ಬಾತಿದ್ದವು.

ಆಕೆಗೆ ಸಂಧಿವಾತ. ಮೈಯೊಳಗಿನ ವಾಚ್‌ಮನ್ ಕಳ್ಳರನ್ನು ಬಿಟ್ಟು ಮನೆಯವರನ್ನೇ ಹೊಡೆಯುವ ಕಾಯಿಲೆ ಎಂದು ಡಾಕ್ಟರಮ್ಮ ಹೇಳಿದ್ದರು. ಪ್ರತಿ ಸೋಮವಾರ ನುಂಗುವ ಗುಳಿಗೆ ಆ ವಾಚ್‌ಮನ್ನನನ್ನು ತೂಕಡಿಸುವಂತೆ ಮಾಡುತ್ತಿತ್ತು. ಅದರಿಂದಲೇ ಅಂಗೈ ಮತ್ತೆ ಅರಳಿ, ಇಷ್ಟಲಿಂಗ ಹಿಡಿದು ಪೂಜಿಸುವ ಭಾಗ್ಯ ಆಕೆಗೆ ಮರಳಿತ್ತು. ಆದರೆ ಹೋದ ವಾರ ಫ್ಲೂ ಲಸಿಕೆ ಹಾಕಿದ ಡಾಕ್ಟರಮ್ಮ, "ವಾಚ್‌ಮನ್ ಎಚ್ಚರ ಇದ್ದರೆ ಲಸಿಕೆಯ ಪಾಠ ಚೆನ್ನಾಗಿ ಕಲೀತಾನೆ. ಎರಡು ವಾರ ಗುಳಿಗೆ ಬೇಡ" ಎಂದಿದ್ದರು. ಕಳೆದ ಮಳೆಗಾಲ ಆ ಫ್ಲೂ ಜ್ವರವೇ ಸುಂದ್ರವ್ವನನ್ನು ಆಸ್ಪತ್ರೆಯಲ್ಲಿ ಮಲಗಿಸಿತ್ತು.

ಮೊದಲ ಸೋಮವಾರ ಹೇಗೋ ದಾಟಿತ್ತು. ಇಂದು ಬೆರಳು ಮಡಚಲೂ ಬಾರದು, ಬಿಡಿಸಲೂ ಬಾರದು. ಲಿಂಗ ಜಾರಿದರೆ? ಕೈ ಗುಳಿಗೆಯ ಡಬ್ಬಿಯತ್ತ ಸರಿಯಿತು.

"ಎಂತದು ಅಕ್ಕಾ, ನಿಮ್ಮನೆಯಲ್ಲೇ ಕಳ್ಳತನವಾ?" ಬಾಗಿಲಲ್ಲಿ ಪಕ್ಕದ ಖೋಲಿಯ ವಾರಿಜಾ, ಉಡುಪಿ ಕಡೆಯವಳು.

"ಕೈ ನಿಲ್ಲವಲ್ದು ಯವ್ವಾ. ಲಿಂಗ ಬಿದ್ದರ ನಾ ಏನ ಮಾಡ್ಲಿ?"

"ನಾನು ಬೀಳ್ಲಿಕ್ಕೆ ಬಿಟ್ರೆ ಅಲ್ವಾ! ಲಿಂಗ ಮುಟ್ಟುದಿಲ್ಲ ಮಾರಾಯ್ರೆ, ನಿಮ್ಮ ಕೈ ಹಿಡೀಬಹುದಲ್ಲ?"

ವಾರಿಜಾ ಎದುರು ಕೂತು, ಬಾತ ಅಂಗೈ ಕೆಳಗೆ ತನ್ನ ಅಂಗೈ ಇಟ್ಟಳು. ವಿಭೂತಿ, ಪತ್ರೆ, ಮಂತ್ರ, ಎಲ್ಲ ನಿಧಾನ. ನಡುವೆ ಅವಳ ಖೋಲಿಯಿಂದ ಸೀದ ವಾಸನೆ ಬಂತು.

"ನಿನ್ನ ಇಡ್ಲಿ!"

"ನೀವು ಶಿವನನ್ನು ನೋಡಿ. ಇಡ್ಲಿ ಹೋದ್ರೆ ಹೋಯ್ತು."

ಪೂಜೆ ಮುಗಿಸಿ ಸುಂದ್ರವ್ವ ಕೇಳಿದಳು: "ನೀ ಸೂಜಿ ಹಾಕಿಸ್ಕೊಂಡಿ ಏನು?"

"ನನಗೆಂತಕ್ಕೆ? ಮೀನು ತಿಂದ ಗಟ್ಟಿ ಜೀವ ಇದು!"

ಮೂರನೇ ಸೋಮವಾರ ಗುಳಿಗೆ ಮತ್ತೆ ಶುರುವಾಯಿತು. ಬಾವು ಮೆಲ್ಲಗೆ ಇಳಿಯಿತು. ಆಮೇಲೆ ಮಳೆ ಬಂತು, ಹಿಂದೆಯೇ ಜ್ವರ. ಚಾಳಿಗೆ ಚಾಳೇ ಕೆಮ್ಮತೊಡಗಿತು. ಮೀನು ತಿಂದ ಗಟ್ಟಿ ಜೀವ ಎಲ್ಲರಿಗಿಂತ ಮೊದಲು ಮಲಗಿತು.

ಮಾಸ್ಕ್ ಕಟ್ಟಿಕೊಂಡು ಸುಂದ್ರವ್ವ ದಿನವೂ ಗಂಜಿ ತಂದಳು. ಆಕೆಗೆ ಒಂದು ಸೀನೂ ಬರಲಿಲ್ಲ.

"ನಿಮ್ಮ ವಾಚ್‌ಮನ್ ಪಾಸಾದ ಅಕ್ಕಾ," ವಾರಿಜಾ ಮಲಗಿದಲ್ಲೇ ನಕ್ಕಳು. "ನನ್ನವ ಸ್ಕೂಲಿಗೇ ಹೋಗ್ಲಿಲ್ಲ."

"ಬರೋ ವರ್ಷ ನಾನಽ ಕೈ ಹಿಡಿದು ಎಳ್ಕೊಂಡು ಹೋಗ್ತೀನಿ. ಏಳು, ಕುಡಿ."

ವಾರಿಜಾ ಎದ್ದು ಕೂತು ಬಟ್ಟಲು ಹಿಡಿದಳು. ಬಟ್ಟಲು ವಾಲಿ ಗಂಜಿ ತುಳುಕಿತು.

ಸುಂದ್ರವ್ವ ಆ ಅಂಗೈ ಕೆಳಗೆ ತನ್ನ ಅಂಗೈ ಇಟ್ಟು, ಬಟ್ಟಲು ಬರಿದಾಗುವವರೆಗೂ ಹಾಗೆಯೇ ಹಿಡಿದಿದ್ದಳು.